ಹಳೆಯ ಸಂಗೀತವೂ ಹೊಟ್ಟೆಪಾಡೂ

“ಹಾಡಿದರೆ ಹೊಟ್ಟೆ ತುಂಬುವುದೇ?” ಎಂಬುದು ನಮ್ಮ ಹಿರಿಯರು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆ. ಕಾಲ ಸರಿದುಹೋದ ಸಂಗೀತವನ್ನೇ ಹಿಡಿದು ಕುಳಿತವನಿಗಂತೂ ಅದು ಇನ್ನೂ ತೀಕ್ಷ್ಣವಾದುದು. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನ ಸಂಗೀತಕ್ಕೆ ಬರೋಕ್ ಎಂದು ಹೆಸರು. ಅದನ್ನು ಆ ಕಾಲದ ವಾದ್ಯಗಳಲ್ಲಿ, ಆ ಕಾಲದ ಕ್ರಮದಲ್ಲಿಯೇ ನುಡಿಸಬೇಕೆಂದು ಹೊರಟವರಲ್ಲಿ ಆಸ್ಟ್ರಿಯದ ನಿಕೊಲಾಸ್ ಹಾರ್ನನ್‌ಕೋರ್ಟ್ ಒಬ್ಬರು. 1953ರಲ್ಲಿ ಅವರು ಇದಕ್ಕಾಗಿಯೇ ಒಂದು ವಾದ್ಯವೃಂದವನ್ನು ಕಟ್ಟಿದರು. ಆದರೂ 1969ರವರೆಗೆ ವಿಯೆನ್ನದ ಬೇರೊಂದು ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುವ ಉದ್ಯೋಗವನ್ನು ಬಿಡಲಿಲ್ಲ. ಪ್ರೀತಿಗೆ ಒಂದು ಸಂಗೀತ, ಜೀವನಕ್ಕೆ ಒಂದು ಸಂಗೀತ!

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಹೋಲಿಸಬಹುದಾದುದು ನಾಟಕ ಕಂಪನಿಗಳ ರಂಗಸಂಗೀತ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯು ವೀರಣ್ಣನವರ ನೇತೃತ್ವದಲ್ಲಿ ನಾಡಿನಾದ್ಯಂತ ಹೆಸರು ಪಡೆಯಿತು. ಕರ್ನಾಟಕ ಸಂಗೀತದ ರಾಗಗಳು, ಪಾರ್ಸಿ ಮತ್ತು ಮರಾಠಿ ನಾಟಕಗಳಿಂದ ಬಂದ ಮಟ್ಟುಗಳು ಇವೆಲ್ಲ ಬೆರೆತು ಕಂಪನಿ ನಾಟಕಗಳಿಗೆ ಅವುಗಳದ್ದೇ ಆದ ಧಾಟಿ ಬಂದಿತು. ಕಾಲು ಹಾರ್ಮೋನಿಯಂ ಮತ್ತು ತಬಲ ಅದರ ಆಧಾರ. ಕಲಾವಿದರಿಗೂ ವಾದ್ಯಗಾರರಿಗೂ ಕಂಪನಿಯೇ ಮನೆ, ಕಂಪನಿಯೇ ಪಾಠಶಾಲೆ. ಚಲನಚಿತ್ರ ಬಂದ ಮೇಲೆ ಪ್ರೇಕ್ಷಕರು ಅತ್ತ ಹೊರಳಿದರು. ಈ ಆಶ್ರಯ ಕ್ರಮೇಣ ಕುಸಿಯಿತು. ವೀರಣ್ಣನವರು 1972ರಲ್ಲಿ ತೀರಿಕೊಂಡರು.

ಹಾಗಾದರೆ ಆ ಸಂಗೀತ ಉಳಿದುದು ಹೇಗೆ? ಬಾಲ್ಯದಲ್ಲಿಯೇ ಈ ಕಂಪನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಎಂ. ಎ. ವ್ಯಾಸಂಗಕ್ಕೆ ಕಾಶಿಗೆ ಕಳುಹಿಸಿದರು. ಮುಂದೆ ಅವರು ಹೊಸ ನಾಟಕಗಳಿಗೆ ಸಂಗೀತ ಕೂಡಿಸಿದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು 1976ರಲ್ಲಿ ‘ಸ್ಪಂದನ’ ತಂಡವನ್ನು ಸ್ಥಾಪಿಸಿ, ಕಂಪನಿಯ ಹಾಡುಗಳನ್ನು ಹೊಸ ತಲೆಮಾರಿಗೆ ಕೇಳಿಸಿದರು. ಇಬ್ಬರೂ ಬರಿಯ ಹಾಡುಗಾರಿಕೆಯನ್ನು ನೆಚ್ಚಿದವರಲ್ಲ. ನಟನೆ, ನಿರ್ದೇಶನ, ಶಿಕ್ಷಣ ಎಲ್ಲವನ್ನೂ ಕೈಗೆತ್ತಿಕೊಂಡವರು.

ಇವರ ಹೆಸರು ಎಲ್ಲರಿಗೂ ಗೊತ್ತು. ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳ ಹಾರ್ಮೋನಿಯಂ ಮೇಷ್ಟರ ಹೆಸರು ಯಾರಿಗೆ ಗೊತ್ತು? ಊರಿನವರು ‘ಕುರುಕ್ಷೇತ್ರ’ ನಾಟಕ ಕಟ್ಟಬೇಕೆಂದರೆ ಮೇಷ್ಟರು ಬರಬೇಕು. ಹಗಲೆಲ್ಲ ದುಡಿದು ಬಂದ ಭೀಮನಿಗೂ ದುರ್ಯೋಧನನಿಗೂ ರಾತ್ರಿ ಕಂದ, ಪದಗಳನ್ನು ತಿದ್ದಿ ತಿದ್ದಿ ಹೇಳಿಕೊಡಬೇಕು. ಪಾತ್ರಧಾರಿಗಳು ಕೂಡಿಸಿದ ಹಣದಲ್ಲಿ ಅವರ ಸಂಭಾವನೆ. ನಾಟಕವಿಲ್ಲದ ತಿಂಗಳುಗಳಲ್ಲಿ ಅವರಿಗೆ ಬೇಸಾಯವೋ ಬೇರೆ ಕಸುಬೋ ಗತಿ. ವಿಯೆನ್ನದ ಕಥೆಯೇ ಇಲ್ಲಿಯೂ!

ಆದರೆ ಒಂದು ದೊಡ್ಡ ಅಂತರವಿದೆ. ಬರೋಕ್ ಸಂಗೀತ ಸ್ವರಲಿಪಿಯಲ್ಲಿ ಉಳಿದಿತ್ತು. ಆದುದರಿಂದಲೇ ಎರಡು ಶತಮಾನಗಳ ಮೇಲೂ ಅದನ್ನು ಮತ್ತೆ ಎಬ್ಬಿಸಬಹುದಾಯಿತು. ನಮ್ಮ ನಾಟಕದ ಹಾಡಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಕ್ಕುವುದು ಸಾಹಿತ್ಯ, ರಾಗ, ತಾಳಗಳ ಹೆಸರು ಮಾತ್ರ. ಮಟ್ಟು ಇರುವುದು ಮೇಷ್ಟರ ಬೆರಳಿನಲ್ಲಿ. ಅವರು ಹೋದರೆ ಅದೂ ಹೋಯಿತು.

ತುಮಕೂರಿನಲ್ಲಿ ವೀರಣ್ಣನವರ ಹೆಸರಿನ ಕಲಾಕ್ಷೇತ್ರವಿದೆ, ಅದು ಸಂತೋಷವೇ. ಆದರೆ ಕಟ್ಟಡ ಹಾಡುವುದಿಲ್ಲ, ಹಾಡುವವನಿಗೆ ಅನ್ನ ಬೇಕು. ಶಾಲೆಗಳು ವಾರಕ್ಕೊಂದು ದಿನ ಮೇಷ್ಟರನ್ನು ಕರೆದು, ಗೌರವಧನ ಕೊಟ್ಟು ಪಾಠ ಹೇಳಿಸಬಾರದೇಕೆ? ವಿದ್ಯಾರ್ಥಿಗಳಾದ ನಾವು ರಜೆಯಲ್ಲಿ ಊರಿಗೆ ಹೋದಾಗ, ಅವರ ಒಪ್ಪಿಗೆ ಪಡೆದು, ಕೈಯಲ್ಲಿರುವ ಮೊಬೈಲಿನಲ್ಲಿಯೇ ಹತ್ತು ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಬಾರದೇಕೆ? ಹಾಡಿದರೆ ಹೊಟ್ಟೆ ತುಂಬುವುದೋ ಇಲ್ಲವೋ ಎಂಬುದು ಹಾಡುವವನೊಬ್ಬನ ಕೈಯಲ್ಲಿಲ್ಲ; ಅದಕ್ಕೆ ಕೇಳುವವರೂ ಉತ್ತರ ಕೊಡಬೇಕಾಗಿದೆ.

— ಅಂತಿಮ ಬಿ. ಎ. ವಿದ್ಯಾರ್ಥಿ