ಕತ್ತಲಲ್ಲಿ ನೆಲದ ಮೇಲೊಂದು ವಿಮಾನ

ವಿಮಾನಕ್ಕೆ ಅಪಾಯವೆಲ್ಲ ಆಕಾಶದಲ್ಲೇ ಎಂದು ಬಹಳ ಜನ ತಿಳಿದಿದ್ದಾರೆ. ನಿಂತ ಜಾಗದಿಂದ ರನ್‌ವೇವರೆಗೆ ಚಕ್ರದ ಮೇಲೆ ಉರುಳಿಕೊಂಡು ಹೋಗುವಾಗಲೂ ಅದಕ್ಕೆ ಕಂಟಕಗಳಿವೆ. ಈ ನಡಿಗೆಗೆ ‘ಟ್ಯಾಕ್ಸಿಯಿಂಗ್’ ಎನ್ನುತ್ತಾರೆ. ರಾತ್ರಿಯಾದರೆ, ವಿಮಾನ ಸಣ್ಣದಾದರೆ, ಕಷ್ಟ ಇನ್ನೂ ಹೆಚ್ಚು.

ಮಧುಗಿರಿ ಬಸ್ ನಿಲ್ದಾಣದಲ್ಲಿ ರಾತ್ರಿ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಇಳಿದು ವಿಷಲ್ ಊದುತ್ತಾ, ‘ಬರ್ಲಿ, ಬರ್ಲಿ’ ಎನ್ನುವುದನ್ನು ಕೇಳಿದ್ದೀರಲ್ಲ? ಬ್ಯಾಂಕಿನ ಕೆಲಸಕ್ಕೆಂದು ಶಿರಾ, ಕೊರಟಗೆರೆ, ಪಾವಗಡ ಸುತ್ತಿ ಕೊನೇ ಬಸ್ಸಿಗೆ ಮರಳುತ್ತಿದ್ದ ನನಗೆ ಆ ದನಿ ಈಗಲೂ ಕಿವಿಯಲ್ಲಿದೆ. ವಿಮಾನಗಳ ಅಂಗಳದಲ್ಲೂ ಅಂಥವರಿದ್ದಾರೆ. ಇಂಜಿನ್ ಸದ್ದಿನಲ್ಲಿ ವಿಷಲ್ ಕೇಳಿಸೀತೇ? ಅದಕ್ಕೇ ಎರಡೂ ಕೈಯಲ್ಲಿ ಬೆಳಗುವ ಕೋಲು ಹಿಡಿದು ಸನ್ನೆ ಮಾಡುತ್ತಾರೆ.

ಸೆಸ್ನಾ 172 ಎಂಬ ನಾಲ್ಕು ಸೀಟಿನ ವಿಮಾನವನ್ನೇ ನೋಡಿ. ಪುಟ್ಟದಾದರೂ ರೆಕ್ಕೆಗಳ ಅಗಲ ಸುಮಾರು 11 ಮೀಟರ್. ಕತ್ತಲಲ್ಲಿ ರೆಕ್ಕೆಯ ತುದಿ ಇಂಧನದ ಲಾರಿಗೋ ದೀಪದ ಕಂಬಕ್ಕೋ ತಗಲಿದರೆ ಮುಗಿಯಿತು. ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರ್ ಹಗಲಲ್ಲೇ ಸರಿಯಾಗಿ ಕಾಣದು, ರಾತ್ರಿ ಅಲ್ಲಿ ಏನೂ ಇಲ್ಲವೇನೋ ಅನ್ನಿಸುತ್ತದೆ. ಆದ್ದರಿಂದ ಇಂಜಿನ್ ಶುರು ಮಾಡುವ ಮೊದಲೇ ಕೆಂಪು ಮಿನುಗು ದೀಪ ಹಾಕುತ್ತಾರೆ. ಅದು ಮಿನುಗುತ್ತಿದ್ದರೆ ಯಾರೂ ಹತ್ತಿರ ಸುಳಿಯಬಾರದು. ದೊಡ್ಡ ಜೆಟ್ಟಿನ ಹಿಂದೆ ಹಾದರಂತೂ ಅದು ಉಗುಳುವ ಗಾಳಿಗೆ ಸಣ್ಣ ವಿಮಾನ ಮಗುಚಿಬಿದ್ದರೂ ಬಿದ್ದೀತು. ಎದುರಿನವರ ಕಣ್ಣು ಕುಕ್ಕುವ ದೀಪವನ್ನು ಪೈಲಟ್‌ಗಳು ಆರಿಸುತ್ತಾರೆ. ಶಿರಾ ಹೆದ್ದಾರಿಯ ಲಾರಿಯವರಿಗೆ ಈ ಸೌಜನ್ಯ ಯಾವಾಗ ಬರುತ್ತದೋ!

ದಾರಿ ತಪ್ಪಿದರೆ ಇನ್ನೂ ಘೋರ. 1991ರ ಫೆಬ್ರುವರಿ 1ರ ರಾತ್ರಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಒಂದು ಸಣ್ಣ ಪ್ರಯಾಣಿಕ ವಿಮಾನ ರನ್‌ವೇ ಮೇಲೆ ಅಪ್ಪಣೆಗಾಗಿ ಕಾಯುತ್ತಿತ್ತು. ನಿಯಂತ್ರಣ ಗೋಪುರದವರು ಅದನ್ನು ಮರೆತು, ಅದೇ ರನ್‌ವೇಗೆ ಬೋಯಿಂಗ್ 737ಕ್ಕೆ ಇಳಿಯಲು ಅನುಮತಿ ಕೊಟ್ಟರು. ರನ್‌ವೇ ದೀಪಗಳ ನಡುವೆ ಸಣ್ಣ ವಿಮಾನದ ದೀಪ ಬೆರೆತುಹೋಗಿ ಇಳಿಯುವವರಿಗೆ ಬೇರೆಯಾಗಿ ಕಾಣಲೇ ಇಲ್ಲ. 35 ಜನ ಸತ್ತರು.

2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಅದೇ ಕಥೆ. ಭೂಕಂಪ ಸಂತ್ರಸ್ತರಿಗೆ ಸಾಮಗ್ರಿ ಒಯ್ಯಬೇಕಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ರನ್‌ವೇ ಹೊಸ್ತಿಲವರೆಗೆ ಮಾತ್ರ ಬರಲು ಹೇಳಿದ್ದರು. ಅದು ಹೊಸ್ತಿಲು ದಾಟಿ ಒಳಗೆ ಹೋಗಿ ಸುಮಾರು 40 ಸೆಕೆಂಡು ನಿಂತಿತ್ತು. ಇಳಿಯುತ್ತಿದ್ದ ಏರ್‌ಬಸ್ ಡಿಕ್ಕಿ ಹೊಡೆಯಿತು. ಏರ್‌ಬಸ್ ಪೂರ್ತಿ ಸುಟ್ಟರೂ ಅದರಲ್ಲಿದ್ದ 379 ಮಂದಿಯೂ ಬದುಕಿದರು. ಸಣ್ಣ ವಿಮಾನದ ಆರು ಜನರಲ್ಲಿ ಉಳಿದದ್ದು ಒಬ್ಬರೇ.

ಶಿರಾ ಕಡೆಗೂ ವಿಮಾನ ನಿಲ್ದಾಣ ಬೇಕೆಂಬ ಮಾತು ಕೇಳುತ್ತಲೇ ಇದೆ. ಅಲ್ಲಿಯವರೆಗೆ, ರಾತ್ರಿ ದೇವನಹಳ್ಳಿಯಲ್ಲಿ ಇಳಿಯುವ ಅವಕಾಶ ಸಿಕ್ಕ ಮಕ್ಕಳು ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಬಿಳಿ ದೀಪದ ಸಾಲು ರನ್‌ವೇ ಅಂಚು. ಅಲ್ಲಿಂದ ಹೊರಳಿದ ಮೇಲೆ ದಾರಿಯಂಚಿನಲ್ಲಿ ನೀಲಿ, ನಡುವೆ ಹಸಿರು ದೀಪಗಳು ಕಾಣುತ್ತವೆಯೇ ಹುಡುಕಿ. ಪೈಲಟ್ ಕೂಡ ಆಗ ಅವನ್ನೇ ನೋಡುತ್ತಿರುತ್ತಾರೆ.