ಚಳಿಯಲ್ಲಿ ಚಿಗುರುವ ಜೀವ

ಎಳ್ಳ ಅಮವಾಸ್ಯೆಯ ಮುಂಜಾವಿನಲ್ಲಿ ನಮ್ಮ ಹೂವಿನ ಹಿಪ್ಪರಗಿಯ ಅಡಿಗೆಮನೆಯನ್ನು ಹೊಕ್ಕು ನೋಡಿ. ಗಡಿಗೆಯಲ್ಲಿಯ ತುಪ್ಪ ಹೆರೆಗಟ್ಟಿರುತ್ತದೆ. ಪಕ್ಕದ ಕುಸುಬಿ ಎಣ್ಣೆ ಮಾತ್ರ ತಿಳಿಯಾಗಿಯೇ ಇರುತ್ತದೆ. ಎರಡೂ ಜಿಡ್ಡೇ, ಚಳಿಯೂ ಒಂದೇ. ಈ ವ್ಯತ್ಯಾಸವನ್ನು ಅರಿತರೆ, ಹಿಮದಲ್ಲಿ ಬಾಳುವ ಬ್ಯಾಕ್ಟೀರಿಯಗಳ ಅರ್ಧ ಗುಟ್ಟನ್ನು ಅರಿತಂತೆಯೇ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನುಂಡ ನಮಗೆ ತಂಪೆಂದರೆ ರಕ್ಷಣೆಯೆಂಬ ನಂಬಿಕೆ. ಆದರೆ 0 ಡಿಗ್ರಿಯಲ್ಲಿಯೂ ಬ್ಯಾಕ್ಟೀರಿಯಗಳು ಬೆಳೆಯಬಲ್ಲವೆಂಬುದನ್ನು ಫಾರ್ಸ್ಟರ್ ಎಂಬ ವಿಜ್ಞಾನಿ 1887ರಲ್ಲಿಯೇ ತೋರಿಸಿದ್ದನು. 15 ಡಿಗ್ರಿ ಅಥವಾ ಅದಕ್ಕೂ ಕಡಿಮೆ ಉಷ್ಣತೆಯಲ್ಲಿ ಹುಲುಸಾಗಿ ಬೆಳೆದು, ಸುಮಾರು 20 ಡಿಗ್ರಿ ದಾಟಿದರೆ ಬೆಳೆಯಲಾರದವು ಶೀತಪ್ರಿಯ. ಬೆಚ್ಚಗಿದ್ದರೆ ಸುಖವೆನಿಸಿದರೂ ಚಳಿಯನ್ನು ತಾಳಿಕೊಳ್ಳುವವು ಶೀತಸಹಿಷ್ಣು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಶಿವಾಜಿ ಮತ್ತು ಸಂಗಡಿಗರು, ಭಾರತದ ‘ಮೈತ್ರಿ’ ನೆಲೆಯಿರುವ ಅಂಟಾರ್ಕ್ಟಿಕದ ಶಿರ್ಮಾಕರ್ ಪ್ರದೇಶದ ಮಣ್ಣಿನಲ್ಲಿ ದೊರೆತ ಇಂಥದೊಂದು ಶೀತಸಹಿಷ್ಣುವಿಗೆ 1992ರಲ್ಲಿ ‘ಸ್ಫಿಂಗೋಬ್ಯಾಕ್ಟೀರಿಯಂ ಅಂಟಾರ್ಕ್ಟಿಕಸ್’ ಎಂದು ನಾಮಕರಣ ಮಾಡಿದರು.

ಇವು ಬದುಕುವ ಬಗೆಯೇನು? ಪ್ರತಿಯೊಂದು ಜೀವಕೋಶಕ್ಕೂ ಕೊಬ್ಬಿನದೊಂದು ತೆಳುಪೊರೆ ಉಂಟು. ಅದು ತುಪ್ಪದಂತೆ ಹೆಪ್ಪುಗಟ್ಟಿದರೆ ಆಹಾರ ಒಳಬಾರದು, ಕಸ ಹೊರಹೋಗದು. ಆದ್ದರಿಂದ ಈ ಜೀವಿಗಳು, ಕುಸುಬಿ ಎಣ್ಣೆಯಲ್ಲಿರುವಂತೆ, ಚಳಿಗೆ ಗಟ್ಟಿಯಾಗದ ಕೊಬ್ಬಿನಾಮ್ಲಗಳನ್ನು ಪೊರೆಯಲ್ಲಿ ಹೆಚ್ಚಿಸಿಕೊಳ್ಳುತ್ತವೆ. ಎರಡನೆಯದು, ಅವುಗಳ ಕಿಣ್ವಗಳು. ಚಳಿಯಲ್ಲಿ ನಮ್ಮ ಬೆರಳುಗಳು ಸೆಟೆಯುವಂತೆ ಸಾಮಾನ್ಯ ಕಿಣ್ವಗಳು ಜಡವಾಗುತ್ತವೆ. ಶೀತಪ್ರಿಯಗಳ ಕಿಣ್ವಗಳ ಕಟ್ಟು ಸಡಿಲ, ಆದ್ದರಿಂದ ಚುರುಕು. ಆ ಸಡಿಲಿಗೆ ತೆರುವ ಬೆಲೆಯೂ ಉಂಟು. ತುಸು ಬಿಸಿ ತಾಗಿದರೆ ಬಹುಪಾಲು ಕಿಣ್ವಗಳು ಕೆಡುತ್ತವೆ. ಇನ್ನು ಕೆಲವು ಜೀವಿಗಳು ಮಂಜಿನ ಹರಳು ದೊಡ್ಡದಾಗದಂತೆ ತಡೆಯುವ ಪ್ರೋಟೀನನ್ನೂ ತಯಾರಿಸುತ್ತವೆ.

ಇದು ಅಂಟಾರ್ಕ್ಟಿಕದ ದೂರದ ಮಾತಲ್ಲ. ಹಿಂಡಿದ ಹಾಲನ್ನು 4 ಡಿಗ್ರಿಗೆ ತಂಪುಗೊಳಿಸಿದರೆ ಹುಳಿಯಾಗಿಸುವ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ತಣ್ಣಗಾಗುತ್ತವೆ. ಶೀತಸಹಿಷ್ಣುವಾದ ಸ್ಯೂಡೊಮೊನಾಸ್ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ಕಾಯಿಸಿದರೆ ಅದು ಸಾಯುವುದು ನಿಜ. ಆದರೆ ಅದು ಹಾಲಿನಲ್ಲಿ ಬಿಟ್ಟ ಕೆಲವು ಕಿಣ್ವಗಳು ಬಿಸಿಯನ್ನೂ ತಾಳಿ ಉಳಿಯುತ್ತವೆ. ಮೇಲೆ ಹೇಳಿದ ನಿಯಮಕ್ಕೆ ಇದೊಂದು ಅಪವಾದ. ಹುಳಿಯಾಗದ ಹಾಲು ಕಹಿಯಾಗುವುದು ಇವುಗಳ ಕೆಲಸದಿಂದಲೇ. ಲಿಸ್ಟೀರಿಯವೆಂಬ ರೋಗಾಣುವೂ ಫ್ರಿಜ್ಜಿನಲ್ಲಿ ಬೆಳೆಯಬಲ್ಲದು. ಬಸುರಿಯರ ಗರ್ಭಕ್ಕೆ ಅದು ಅಪಾಯಕಾರಿ.

ಆದುದರಿಂದ ಫ್ರಿಜ್ಜು ಕಾಲವನ್ನು ನಿಧಾನಗೊಳಿಸುವ ಪೆಟ್ಟಿಗೆಯೇ ಹೊರತು ನಿಲ್ಲಿಸುವ ಪೆಟ್ಟಿಗೆಯಲ್ಲ. ಹಸಿ ಹಾಲನ್ನು ಬೇಗ ಕಾಯಿಸಿ, ಬೇಗ ಬಳಸಿರಿ. ಬಾಗಿಲು ಮುಚ್ಚಿದ ಮೇಲೆ ಒಳಗೆ ಕತ್ತಲೆಯಾಗುತ್ತದೆ, ತಂಪಾಗುತ್ತದೆ. ಬದುಕು ಮಾತ್ರ ನಿಲ್ಲುವುದಿಲ್ಲ.