ಮಣ್ಣಿಗೆ ಹೋಗಲಾರದ ದುಃಖ

“ಡಾಕ್ಟ್ರೇ, ಎದಿಮ್ಯಾಲೆ ಕಲ್ಲು ಹೇರಿದಂಗ ಆಗ್ತೈತ್ರಿ. ರಾತ್ರಿ ನಿದ್ದೀನೇ ಬರವಲ್ದು.”

ಕೊಟ್ಟೂರು ಕಡೆಯ ಹಳ್ಳಿಯೊಂದರಿಂದ ಬಂದಿದ್ದ, ಅರವತ್ತು ದಾಟಿದ ತಾಯಿಯೊಬ್ಬರ ಮಾತಿದು. ಇ.ಸಿ.ಜಿ. ಸರಿಯಾಗಿತ್ತು. ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್ ಯಾವುದರಲ್ಲೂ ದೋಷವಿರಲಿಲ್ಲ. ನಿದ್ರೆಗೆ ಮಾತ್ರೆ ಬರೆದುಕೊಟ್ಟೆ. ತಿಂಗಳಿಗೊಮ್ಮೆ ಬಂದು ಅದನ್ನೇ ಬರೆಸಿಕೊಂಡು ಹೋಗುತ್ತಿದ್ದರು. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾಲ್ಕನೆಯ ಸಲ ಕೇಳಿದೆ: “ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೇನಮ್ಮ?”

2021ರ ಮೇ ತಿಂಗಳಲ್ಲಿ ಅವರ ಯಜಮಾನರು ಕೋವಿಡ್‌ಗೆ ಬಲಿಯಾಗಿದ್ದರು. “ಮಕ ಸೈತ ನೋಡಲಿಲ್ರಿ. ಮಣ್ಣಿಗೂ ಹೋಗಲಿಲ್ಲ. ಒಂದಿನ ಮೊದ್ಲೇ ದಾವಣಗೆರಿಗೆ ಕರಕೊಂಡು ಹೋಗಿದ್ರ ಉಳೀತಿದ್ರು. ನಾನೇ ತಡಾ ಮಾಡಿದೆ” ಎಂದರು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಓದುಗರೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಇಂಥ ಮಾತನ್ನು ನಾನು ಹಲವು ಮನೆಗಳಲ್ಲಿ ಕೇಳಿದ್ದೇನೆ. ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಹೊಸಪೇಟೆ, ಬಳ್ಳಾರಿ, ದಾವಣಗೆರೆಗೆ ಓಡಿದವರು ಇಂದಿಗೂ ತಮ್ಮನ್ನು ತಾವೇ ಶಪಿಸಿಕೊಳ್ಳುತ್ತಾರೆ.

ದುಃಖ ಯಾವಾಗ ಕಾಯಿಲೆ?

ದುಃಖ ಕಾಯಿಲೆಯಲ್ಲ. ಸಾವಾದ ಮನೆಗೆ ನೆಂಟರು ಬಂದು, ಜೊತೆಗೆ ಕೂತು ಅತ್ತು, ತೀರಿಕೊಂಡವರ ಗುಣ ಹೇಳಿ ಹೋಗುವುದರಲ್ಲಿ ಒಂದು ಚಿಕಿತ್ಸೆ ಅಡಗಿದೆ. ಕೋವಿಡ್ ಕಾಲದಲ್ಲಿ ಅದಕ್ಕೆ ಅವಕಾಶವೇ ಸಿಗಲಿಲ್ಲ. ಆರು ತಿಂಗಳು ಕಳೆದರೂ ಅಗಲಿದವರ ಹಂಬಲ ತಗ್ಗದೆ, ತಪ್ಪಿತಸ್ಥ ಭಾವನೆ ಬಿಡದೆ, ದಿನದ ಕೆಲಸವೇ ನಡೆಯದಂತಾದರೆ ಅದು ಚಿಕಿತ್ಸೆ ಬೇಡುವ ದೀರ್ಘಶೋಕವಿರಬಹುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಇದಕ್ಕೂ ಸ್ಥಾನವಿದೆ. ಎದೆಭಾರ, ನಿದ್ರಾಹೀನತೆ, ಹಸಿವಿಲ್ಲದಿರುವುದು ಇದರ ಜೊತೆಗೇ ಬರಬಹುದು. ಆದರೆ ಎದೆನೋವನ್ನು ‘ಮನಸ್ಸಿನದು’ ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಹೃದಯದ ಪರೀಕ್ಷೆ ಆಗಲೇಬೇಕು.

ನಂಜಮ್ಮನ ಮನೆ

ಆ ತಾಯಿಯ ಜೊತೆ ಕಾಲೇಜು ಓದುವ ಮೊಮ್ಮಗಳು ಬಂದಿದ್ದಳು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಅಜ್ಜಿಗೆ ದಿನಕ್ಕಿಷ್ಟು ಓದಿ ಹೇಳು ಎಂದೆ. ನನಗೆ ಕೋವಿಡ್ ಬಂದು ಕೋಣೆಯಲ್ಲಿ ಒಬ್ಬನೇ ಇದ್ದಾಗ ಮತ್ತೆ ಓದಿದ ಕಾದಂಬರಿ ಅದು.

1970ರಲ್ಲಿ ಪ್ರಕಟವಾದ ಈ ಕಾದಂಬರಿ ತಿಪಟೂರು–ಚನ್ನರಾಯಪಟ್ಟಣ ಸೀಮೆಯ ಒಂದು ಸಂಸಾರದ ಕಥೆ. ಹೊಣೆಗೇಡಿ ಗಂಡನನ್ನು ಕಟ್ಟಿಕೊಂಡು ಮಕ್ಕಳನ್ನು ಸಾಕುವ ನಂಜಮ್ಮ ಬೆಳೆದ ಮಗಳನ್ನೂ ಮಗನನ್ನೂ ಪ್ಲೇಗಿನಲ್ಲಿ ಕಳೆದುಕೊಳ್ಳುತ್ತಾಳೆ. ಭೈರಪ್ಪನವರೂ ಬಾಲ್ಯದಲ್ಲಿ ತಾಯಿಯನ್ನು, ಒಡಹುಟ್ಟಿದವರನ್ನು ಇದೇ ರೋಗದಲ್ಲಿ ಕಳೆದುಕೊಂಡವರು. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವದು. ಪ್ಲೇಗಿಗೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ.

ಇದನ್ನು ಓದುವ ಯಾರೂ ‘ಮಕ್ಕಳ ಸಾವಿಗೆ ನಂಜಮ್ಮನೇ ಕಾರಣ’ ಎನ್ನುವುದಿಲ್ಲ. ಅವಳ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂಬುದು ಓದುಗನಿಗೆ ಚೆನ್ನಾಗಿ ಗೊತ್ತು. ಅದೇ ನ್ಯಾಯವನ್ನು ನಾವು ನಮಗೆ ಕೊಟ್ಟುಕೊಳ್ಳುವುದಿಲ್ಲ. ಒಳ್ಳೆಯ ಕಾದಂಬರಿಯಿಂದ ಆಗುವ ಉಪಕಾರ ಇಲ್ಲಿದೆ. ಮೊದಲು ಇನ್ನೊಬ್ಬರಿಗಾಗಿ ಅಳುತ್ತೇವೆ. ಆಮೇಲೆ, ‘ನನಗೂ ಹಾಗೇ ಆಗಿತ್ತಲ್ಲ’ ಎನ್ನಿಸುತ್ತದೆ.

ಎರಡು ತಿಂಗಳ ನಂತರ ಆ ತಾಯಿ ಬಂದರು. “ನಂಜಮ್ಮ ಪಾಪ ಏನ್ ಮಾಡ್ಯಾಳು ಬಿಡ್ರಿ” ಎಂದು ಶುರುಮಾಡಿದವರು ಅಲ್ಲಿಯೇ ಸುಮ್ಮನಾದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಂಡನ ಕೊನೆಯ ದಿನಗಳ ಬಗ್ಗೆ ಮೊಮ್ಮಗಳೊಂದಿಗೆ ಮೊದಲ ಬಾರಿಗೆ ಮಾತಾಡಿದ್ದರಂತೆ. ಎದೆಭಾರ ಪೂರ್ತಿ ಹೋಗಿರಲಿಲ್ಲ. ನಿದ್ರೆ ಮಾತ್ರ ಐದು ತಾಸು ಬರುತ್ತಿತ್ತು. ಮಾತ್ರೆಯನ್ನು ಹಂತಹಂತವಾಗಿ ಇಳಿಸಿ ನಿಲ್ಲಿಸಿದೆವು.

ಕಾದಂಬರಿ ಓದಿದರೆ ರೋಗ ವಾಸಿ ಎಂದು ನಾನು ಹೇಳುತ್ತಿಲ್ಲ. ಸಾಹಿತ್ಯ ಕೃತಿಗಳ ಓದು ಇತರರ ಮನಸ್ಸನ್ನು ಅರಿಯುವ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು 2013ರ ಅಮೆರಿಕದ ಅಧ್ಯಯನವೊಂದು ಹೇಳಿತು. ನಂತರದ ಕೆಲವು ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ಓದು ಔಷಧವಲ್ಲ, ಕಟ್ಟಿಹೋದ ಮಾತಿಗೆ ದಾರಿ ಮಾಡಿಕೊಡುವ ಸಾಧನ, ಅಷ್ಟೆ.

ನೀವೇನು ಮಾಡಬಹುದು?

1. ಒಬ್ಬರೇ ಓದುವುದಕ್ಕಿಂತ ಮನೆಯವರು ಕೂಡಿ, ಒಬ್ಬರು ಗಟ್ಟಿಯಾಗಿ ಓದುವುದು ಮೇಲು. ಅಕ್ಷರ ಬಾರದ ಹಿರಿಯರಿಗೂ ಇದು ಒದಗುತ್ತದೆ. ದಿನಕ್ಕೆ ಅರ್ಧ ತಾಸು ಸಾಕು.

2. ಮಲಗುವ ಹೊತ್ತಿಗೆ ಸಾವಿನ ಅಧ್ಯಾಯ ಬೇಡ. ಸಂಜೆಯೇ ಓದಿ ಮುಗಿಸಿ.

3. ಅತ್ತರೆ ತಡೆಯಬೇಡಿ. ‘ಆದದ್ದಾಯಿತು, ಮರೆತುಬಿಡು’ ಎನ್ನಬೇಡಿ. ಸುಮ್ಮನೆ ಜೊತೆಗೆ ಕೂತಿರಿ.

4. ಸಾವಾಗಿ ಕೆಲವೇ ವಾರಗಳಾಗಿದ್ದರೆ ಇಂಥ ಪುಸ್ತಕ ಬೇಡ. ಓದುವಾಗ ಗಾಬರಿ ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಿ.

5. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ (1965) ಓದಬಹುದು. ಪ್ಲೇಗಿನಿಂದ ಸತ್ತವನ ಶವಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಅದರಲ್ಲಿದೆ. 2021ನ್ನು ಕಂಡವರಿಗೆ ಅದು ಹಳೆಯದೆನಿಸದು. ಪುಸ್ತಕಗಳಿಗಾಗಿ ಸಾರ್ವಜನಿಕ ಗ್ರಂಥಾಲಯದಲ್ಲಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ.

6. ನಿದ್ರೆ ಮಾತ್ರೆಯನ್ನು ವೈದ್ಯರನ್ನು ಕೇಳದೆ ಶುರುಮಾಡಬೇಡಿ, ಒಮ್ಮೆಲೇ ನಿಲ್ಲಿಸಲೂ ಬೇಡಿ.

ಊಟ ಬಿಟ್ಟವರು, ಮನೆಯಿಂದ ಹೊರಬಾರದವರು, ಕುಡಿತಕ್ಕೆ ಬಿದ್ದವರು, ‘ನಾನೂ ಹೋಗಿಬಿಡಬೇಕು’ ಎನ್ನುವವರಿಗೆ ಪುಸ್ತಕ ಸಾಲದು. ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತಾಡಬಹುದು.

ನಿಮ್ಮ ಮನೆಯಲ್ಲಿಯೂ 2021ರ ಬಗ್ಗೆ ತುಟಿ ಬಿಚ್ಚದವರು ಒಬ್ಬರಿರಬಹುದು. ಇಂದು ಸಂಜೆ ಟಿ.ವಿ. ಆರಿಸಿ, ಅವರ ಪಕ್ಕ ಕೂತುಕೊಳ್ಳಿ.